ಪದಚರ್ಚೆ: ‘ಗ್ರೇಟ್ ಫಿಲ್ಟರ್’ಗೆ ‘ಮಹಾಶೋಧಕ’ ಸರಿಯೇ?

ಪ್ರಶ್ನೆ: ಅನ್ಯಗ್ರಹ ಜೀವಿಗಳು ನಮಗೆ ಇನ್ನೂ ಏಕೆ ಎದುರಾಗಿಲ್ಲ ಎಂಬ ವಸ್ತುವಿನ ವಿಜ್ಞಾನ ಕತೆಯಲ್ಲಿ ‘ಗ್ರೇಟ್ ಫಿಲ್ಟರ್’ಗೆ ‘ಮಹಾಶೋಧಕ’, ‘ಗ್ರೇಟ್ ಸೈಲೆನ್ಸ್’ಗೆ ‘ಮಹಾಮೌನ’ ಎನ್ನಬಹುದೇ? ‘ಫರ್ಮಿ ವಿರೋಧಾಭಾಸ’ ಸರಿಯೇ?

ಉತ್ತರ: ‘ಮಹಾಶೋಧಕ’ ಖಂಡಿತ ಬೇಡ. ‘ಶೋಧಿಸು’ ಎಂದರೆ ಸೋಸು ಎಂಬ ಅರ್ಥವೂ ಇದೆ, ಆದರೆ ಓದುಗರಿಗೆ ಮೊದಲು ಹೊಳೆಯುವುದು ಹುಡುಕು ಎಂಬುದೇ. ಕತೆಯೇ ಹುಡುಕಾಟದ್ದಾದ್ದರಿಂದ ಯಾವುದೋ ದೊಡ್ಡ ದೂರದರ್ಶಕ ಎಂದುಕೊಂಡುಬಿಡುತ್ತಾರೆ. ‘ಗ್ರೇಟ್ ಫಿಲ್ಟರ್’ ಎಂದು ಅರ್ಥಶಾಸ್ತ್ರಜ್ಞ ರಾಬಿನ್ ಹ್ಯಾನ್ಸನ್ 1990ರ ದಶಕದಲ್ಲಿ ಹೇಳಿದ್ದು ಬೇರೆ: ಜಡವಸ್ತುವಿನಿಂದ ನಕ್ಷತ್ರಗಳಾಚೆ ಹರಡುವ ನಾಗರಿಕತೆಯವರೆಗಿನ ಹಾದಿಯಲ್ಲಿ ಬಹುಪಾಲು ಯಾರೂ ದಾಟಲಾಗದ ಹಂತ ಒಂದಾದರೂ ಇರಬೇಕು. ಜೀವದ ಹುಟ್ಟಿನಂಥ ಆ ಹಂತವನ್ನು ನಾವು ಆಗಲೇ ದಾಟಿದ್ದೇವೆಯೋ, ಅದು ಇನ್ನೂ ಮುಂದಿದೆಯೋ? ಕತೆಗಾರರನ್ನು ಕಾಡುವುದು ಇದೇ.

ಇದಕ್ಕೆ ‘ಜರಡಿ’ಯೇ ಒಪ್ಪುತ್ತದೆ. ‘ಮಹಾಜರಡಿ’ ಎಂದರೆ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸಿದ ಒಲ್ಲದ ಜೋಡಿ. ಹೆಜ್ಜೇನು, ಹೆದ್ದಾರಿಗಳ ಜಾಡಿನಲ್ಲಿ ‘ಹೆಜ್ಜರಡಿ’ ಎನ್ನಿ, ಕಿವಿಗೂ ತೂಕವಾಗಿದೆ. ಕ್ರಿಯಾಪದದಲ್ಲಿ ಮಾತ್ರ ಎಚ್ಚರ ಬೇಕು. ‘ಜರಡಿಯಲ್ಲಿ ಉಳಿದವರು’ ಎಂದರೆ ಬದುಕಿದವರೋ ಸಿಕ್ಕಿಬಿದ್ದವರೋ ತಿಳಿಯುವುದಿಲ್ಲ. ಹಿಟ್ಟು ಜರಡಿ ಹಿಡಿದಾಗ ಬೇಕಾದ್ದು ಕೆಳಗಿಳಿಯುತ್ತದೆ, ಕಾಳು ಹಿಡಿದಾಗ ಮೇಲುಳಿಯುತ್ತದೆ. ‘ಹೆಜ್ಜರಡಿ ದಾಟಿದವರು’, ‘ದಾಟದವರು’ ಎಂದೇ ಬರೆಯಿರಿ. ‘ಉಳಿ’, ‘ಇಳಿ’ ಎರಡೂ ಬೇಡ.

‘ಫರ್ಮಿ ವಿರೋಧಾಭಾಸ’ ಹಾಗೇ ಇರಲಿ. ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ಹೆಸರಿನ ಈ ಒಗಟು ಇಷ್ಟೇ: ಬೆಳಕಿನ ಹತ್ತರಲ್ಲೊಂದು ವೇಗದಲ್ಲಿ ಹೊರಟರೂ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲದ ನಮ್ಮ ಗ್ಯಾಲಕ್ಸಿಯನ್ನು 10 ಲಕ್ಷ ವರ್ಷಗಳಲ್ಲಿ ದಾಟಬಹುದು. ಅದರ ವಯಸ್ಸೋ 1000 ಕೋಟಿ ವರ್ಷ ಮೀರಿದ್ದು. ಆದರೂ ಯಾರೂ ಕಾಣುತ್ತಿಲ್ಲ. ಸರಿಯಾದ ಕಾರಣ ಸಿಕ್ಕಿದರೆ ಈ ವಿರೋಧ ಕರಗಿಹೋಗುತ್ತದೆ. ಅಲಂಕಾರಶಾಸ್ತ್ರದ ವಿರೋಧಾಭಾಸವೂ ಇಂಥದ್ದೇ. ‘ವೈರುಧ್ಯ’ದಲ್ಲಿ ಈ ಬಾಗಿಲು ತೆರೆದಿರುವುದಿಲ್ಲ.

ಬಾಹ್ಯಾಕಾಶದಿಂದ ಯಾರ ಸಂಕೇತವೂ ಕೇಳಿಬರದಿರುವುದಕ್ಕೆ ‘ಮಹಾಮೌನ’ ಸಮಾಸವಾಗಿ ಸರಿ, ಆದರೆ ಎಲ್ಲ ಕತೆಗೂ ಹೊಂದದು. ಕಾವ್ಯದಲ್ಲಿ ಬೆಟ್ಟವೂ ಮೌನವಾಗಿರಬಹುದು. ಗದ್ಯದಲ್ಲಿ ಮೌನ ಮಾತು ಬಲ್ಲವರದು. ಖಗೋಳವಿಜ್ಞಾನಿ ಜಾನ್ ಬಾಲ್ 1973ರಲ್ಲಿ ಮುಂದಿಟ್ಟ ಮೃಗಾಲಯದ ಊಹೆಯಲ್ಲಿ ಅನ್ಯಗ್ರಹ ಜೀವಿಗಳು ನಮ್ಮನ್ನು ಬೇಕೆಂದೇ ಮುಟ್ಟದೆ ಬಿಟ್ಟಿರುತ್ತಾರೆ. ಅದು ಮೌನ. ಬೇರೆಯವರ ಕಣ್ಣಿಗೆ ಬೀಳುವ ಭಯದಿಂದ ಅಡಗಿ ಕುಳಿತವರದೂ ಮೌನವೇ. ಬೇರೆಲ್ಲೂ ಯಾರೂ ಹುಟ್ಟಲೇ ಇಲ್ಲ ಎನ್ನುವ ಕತೆಗಾದರೆ ‘ನಿಶ್ಶಬ್ದ’ ಬೇಕು. ಕಾರಣ ಕೊನೆಯಲ್ಲೇ ಬಯಲಾಗಬೇಕಿದ್ದರೆ, ಅಲ್ಲಿಯವರೆಗೂ ‘ನಿಶ್ಶಬ್ದ’ವನ್ನೇ ಬಳಸಿ. ಮೊದಲ ಪುಟದಲ್ಲೇ ‘ಮೌನ’ ಬಂದರೆ ಅಲ್ಲಿ ಯಾರೋ ಇದ್ದಾರೆಂದು ಸೂಕ್ಷ್ಮ ಓದುಗರು ಹಿಡಿದುಬಿಡುತ್ತಾರೆ.