ಐಪಿ ಮತ್ತು ಮಾಸ್ಕ್ ಕೊಟ್ಟರೆ ನೆಟ್‌ವರ್ಕ್ ಅಡ್ರೆಸ್ ಕಂಡುಹಿಡಿಯುವುದು ಹೇಗೆ? ನೆಟ್‌ವರ್ಕ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ನೆಟ್‌ವರ್ಕಿಂಗ್ ವಿದ್ಯಾರ್ಥಿ):
ಮೇಡಂ, ನಮಸ್ತೆ. ಅಭ್ಯಾಸದ ಪ್ರಶ್ನೆಯಲ್ಲಿ ಐಪಿ 192.168.10.77, ಮಾಸ್ಕ್ 255.255.255.192 ಅಂತ ಕೊಟ್ಟು ನೆಟ್‌ವರ್ಕ್ ಅಡ್ರೆಸ್ ಕೇಳಿದ್ದಾರೆ. ಕೊನೆಯ ನಂಬರ್ ಜಾಗಕ್ಕೆ ಸೊನ್ನೆ ಹಾಕಿ 192.168.10.0 ಅಂದರೆ ಸಾಕಲ್ವಾ? ಉತ್ತರ ಮಾತ್ರ 192.168.10.64 ಅಂತಿದೆ. ಈ 64 ಎಲ್ಲಿಂದ ಬಂತು? ಬೈನರಿ ಬಂದರೆ ಗೊಂದಲ ಆಗುತ್ತದೆ, ಸ್ವಲ್ಪ ನಿಧಾನವಾಗಿ ಹೇಳಿ.

ಉತ್ತರ (ನೆಟ್‌ವರ್ಕ್ ಎಂಜಿನಿಯರ್):
ನಮಸ್ತೆ. ಕೊನೆಗೆ ಸೊನ್ನೆ ಹಾಕುವ ಪದ್ಧತಿ ಮಾಸ್ಕ್ 255.255.255.0 ಇದ್ದಾಗ ಮಾತ್ರ ಸರಿ. ಹೆಚ್ಚಿನ ಪಾಠಗಳು ಆ ಮಾಸ್ಕ್‌ನಿಂದಲೇ ಶುರುವಾಗುವುದರಿಂದ ಅದೇ ನಿಯಮ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಇಂಥ ಒಂದು ಐಪಿ ಅಡ್ರೆಸ್ (ಐಪಿವಿ4 ಮಾದರಿಯದು) ಅಂದರೆ 32 ಬಿಟ್, ಅಂದರೆ 32 ಸೊನ್ನೆ-ಒಂದುಗಳ ಸಾಲು. ನಾವು ಓದಲು ಸುಲಭ ಆಗಲಿ ಅಂತ ಎಂಟೆಂಟು ಬಿಟ್‌ಗಳ ನಾಲ್ಕು ಭಾಗ ಮಾಡಿ, ನಡುವೆ ಚುಕ್ಕಿ ಇಟ್ಟು ಬರೆಯುತ್ತೇವೆ. ಒಂದೊಂದು ಭಾಗಕ್ಕೂ ಆಕ್ಟೆಟ್ ಅನ್ನುತ್ತಾರೆ. ಈ 32 ಬಿಟ್‌ನಲ್ಲಿ ಎಡಗಡೆಯಿಂದ ಎಷ್ಟು ಬಿಟ್ ನೆಟ್‌ವರ್ಕ್‌ಗೆ ಸೇರಿದ್ದು ಅಂತ ಹೇಳುವುದು ಮಾಸ್ಕ್. ಮಾಸ್ಕ್‌ನಲ್ಲಿ 1 ಇರುವ ಕಡೆ ನೆಟ್‌ವರ್ಕ್, 0 ಇರುವ ಕಡೆ ಹೋಸ್ಟ್, ಅಂದರೆ ಆ ನೆಟ್‌ವರ್ಕ್‌ನೊಳಗಿನ ಯಂತ್ರ. ನೆಟ್‌ವರ್ಕ್ ಬಿಟ್‌ಗಳನ್ನು ಹಾಗೇ ಉಳಿಸಿ, ಹೋಸ್ಟ್ ಬಿಟ್‌ಗಳನ್ನೆಲ್ಲ ಸೊನ್ನೆ ಮಾಡಿದರೆ ಸಿಗುವುದೇ ನೆಟ್‌ವರ್ಕ್ ಅಡ್ರೆಸ್. ಇದಕ್ಕೇ ಆಂಡ್ ಲೆಕ್ಕ ಅನ್ನುವುದು: ಐಪಿಯ ಕೆಳಗೆ ಮಾಸ್ಕ್ ಬರೆದಾಗ ಮೇಲೂ ಕೆಳಗೂ 1 ಇದ್ದರೆ 1, ಇಲ್ಲದಿದ್ದರೆ 0.

ನಿಮ್ಮ ಪ್ರಶ್ನೆಯಲ್ಲಿ ಮೊದಲ ಮೂರು ಆಕ್ಟೆಟ್‌ಗೆ ಮಾಸ್ಕ್ 255. ಅಂದರೆ ಎಂಟೂ ಬಿಟ್ 1. ಹಾಗಾಗಿ 192.168.10 ಬದಲಾಗುವುದಿಲ್ಲ. ಕೊನೆಯದನ್ನು ಮಾತ್ರ ಬಿಡಿಸಿ:

77 → 01001101
192 → 11000000
ಆಂಡ್ → 01000000, ಅಂದರೆ 64

77 ಅಂದರೆ 64 + 8 + 4 + 1. ಮಾಸ್ಕ್ ಎಡಗಡೆಯ ಎರಡು ಬಿಟ್ ಮಾತ್ರ ಉಳಿಸಿಕೊಂಡಿತು. ಅದರಲ್ಲಿ 64 ಉಳಿಯಿತು, 8, 4, 1 ಬಿದ್ದುಹೋದವು.

ಇದೇ ಮಾಸ್ಕ್ ಅನ್ನು /26 ಅಂತಲೂ ಬರೆಯುತ್ತಾರೆ. 8 + 8 + 8 + 2, ಒಟ್ಟು 26 ಬಿಟ್‌ಗಳು 1 ಆಗಿವೆ.

ಅದೇ ವಿದ್ಯಾರ್ಥಿ:
ಈಗ ಅರ್ಥ ಆಯ್ತು ಮೇಡಂ. ಆದರೆ ಪರೀಕ್ಷೆಯಲ್ಲಿ ಪ್ರತಿ ಸಲ ಬೈನರಿ ಬರೆಯುತ್ತಾ ಕೂತರೆ ಸಮಯ ಸಾಲುವುದಿಲ್ಲ. ಬೇಗ ಮಾಡುವ ದಾರಿ ಇದೆಯಾ?

ಉತ್ತರ:
ಇದೆ. ಮಾಸ್ಕ್‌ನಲ್ಲಿ 255 ಕೂಡ ಅಲ್ಲದ, 0 ಕೂಡ ಅಲ್ಲದ ಆಕ್ಟೆಟ್ ಹುಡುಕಿ. ಅದನ್ನು 256ರಿಂದ ಕಳೆಯಿರಿ. ಇಲ್ಲಿ 256 − 192 = 64. ಇದು ಬ್ಲಾಕ್ ಗಾತ್ರ. ನೆಟ್‌ವರ್ಕ್‌ಗಳು 0, 64, 128, 192ಕ್ಕೆ ಶುರುವಾಗುತ್ತವೆ. 77 ಅನ್ನು ದಾಟದ, ಅದಕ್ಕೆ ಹತ್ತಿರದ ಗುಣಕ 64. ಉತ್ತರ ಬಂತು. ಮುಂದಿನ ನೆಟ್‌ವರ್ಕ್ 128ಕ್ಕೆ ಶುರು, ಆದ್ದರಿಂದ ಬ್ರಾಡ್‌ಕಾಸ್ಟ್ (ನೆಟ್‌ವರ್ಕ್‌ನ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕಳಿಸಲು ಇರುವ ಕೊನೆಯ ಅಡ್ರೆಸ್) 192.168.10.127. ಮಧ್ಯದ 65ರಿಂದ 126ರವರೆಗಿನ 62 ಅಡ್ರೆಸ್ ಯಂತ್ರಗಳಿಗೆ ಕೊಡಬಹುದು.

ಇದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಏಕೆ ನಡೆಯುತ್ತದೆ ಅಂತ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮಾಸ್ಕ್‌ನ 1ಗಳು ಯಾವಾಗಲೂ ಎಡದಿಂದ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ನಡುವೆ ಸೊನ್ನೆ ಬರುವಂತಿಲ್ಲ. ಕೊನೆಯ 1 ಕೂತಿರುವ ಜಾಗದ ಬೆಲೆ ಇಲ್ಲಿ 64. ಅದಕ್ಕಿಂತ ಬಲಗಡೆ ಇರುವ ಬಿಟ್‌ಗಳನ್ನೆಲ್ಲ ಸೊನ್ನೆ ಮಾಡುವುದೂ, 64ರ ಗುಣಕಕ್ಕೆ ಕೆಳಗಿಳಿಸುವುದೂ ಒಂದೇ ಕೆಲಸ. ಹೊಸ ಲೆಕ್ಕವೇನಲ್ಲ, ಅದೇ ಆಂಡ್.

ಇದರಿಂದ ಇನ್ನೊಂದು ಉಪಯೋಗ ಇದೆ. ಮಾಸ್ಕ್‌ನ ಆಕ್ಟೆಟ್‌ನಲ್ಲಿ 0, 128, 192, 224, 240, 248, 252, 254, 255 ಬಿಟ್ಟು ಬೇರೆ ಸಂಖ್ಯೆ ಬರಲಾರದು. ಎಲ್ಲಾದರೂ 255.255.255.200 ಅಂತ ಮಾಸ್ಕ್ ಕಂಡರೆ ಲೆಕ್ಕಕ್ಕೇ ಹೋಗಬೇಡಿ, ಯಾರೋ ತಪ್ಪಾಗಿ ಟೈಪ್ ಮಾಡಿದ್ದಾರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಕೊನೆಯ ಆಕ್ಟೆಟ್ ಆದರೆ ಮಾಡುತ್ತೇನೆ. 172.16.85.200/20 ಕೊಟ್ಟರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ.

ಉತ್ತರ:
20 ಬಿಟ್ ಅಂದರೆ 8 + 8 + 4. ಎರಡು ಆಕ್ಟೆಟ್ ಪೂರ್ತಿ, ಮೂರನೆಯದರಲ್ಲಿ ನಾಲ್ಕು ಬಿಟ್. ಮಾಸ್ಕ್ 255.255.240.0. ಕೆಲಸ ಇರುವುದು ಮೂರನೇ ಆಕ್ಟೆಟ್‌ನಲ್ಲಿ ಮಾತ್ರ. ಬ್ಲಾಕ್ 256 − 240 = 16. 85ರೊಳಗೆ 16 ಐದು ಸಲ ಹೋಗುತ್ತದೆ, 80. ನೆಟ್‌ವರ್ಕ್ ಅಡ್ರೆಸ್ 172.16.80.0. ಕೊನೆಯ 200 ಅನ್ನು ನೋಡಲೂ ಬೇಡಿ, ಅದು ಪೂರ್ತಿ ಹೋಸ್ಟ್ ಭಾಗ, ನೇರ ಸೊನ್ನೆ.

ಜಾಸ್ತಿ ಜನ ಎಡವುವುದು ಬ್ರಾಡ್‌ಕಾಸ್ಟ್‌ನಲ್ಲಿ. 172.16.80.255 ಅಂತ ಬರೆದುಬಿಡುತ್ತಾರೆ. ಮುಂದಿನ ನೆಟ್‌ವರ್ಕ್ 172.16.96.0 ಅಲ್ವಾ? ಅದಕ್ಕಿಂತ ಒಂದು ಹಿಂದೆ ಹೋದರೆ 172.16.95.255. ಇದೇ ಸರಿ. 172.16.80.255 ಈ ನೆಟ್‌ವರ್ಕ್‌ನಲ್ಲಿ ಒಂದು ಮಾಮೂಲಿ ಹೋಸ್ಟ್ ಅಡ್ರೆಸ್.

ಎರಡನೇ ಆಕ್ಟೆಟ್‌ನಲ್ಲೂ ಇದೇ ದಾರಿ. 10.45.130.9/13 ತಗೊಳ್ಳಿ. 13 ಅಂದರೆ 8 + 5, ಮಾಸ್ಕ್ 255.248.0.0, ಬ್ಲಾಕ್ 8. 45ಕ್ಕೆ ಕೆಳಗಿನ ಗುಣಕ 40. ನೆಟ್‌ವರ್ಕ್ 10.40.0.0, ಕೊನೆ 10.47.255.255.

ಪ್ರಶ್ನೆ (ಐಟಿ ಸಪೋರ್ಟ್ ಕೆಲಸದಲ್ಲಿರುವವರು):
ಮೇಡಂ, ಇದು ಪರೀಕ್ಷೆಗೆ ಬಿಟ್ಟರೆ ಕೆಲಸದಲ್ಲಿ ಎಲ್ಲಿ ಬೇಕಾಗುತ್ತದೆ? ನಮ್ಮಲ್ಲಿ ಈಗ ಒಂದು ತೊಂದರೆ ಇದೆ, ಇದಕ್ಕೆ ಸಂಬಂಧ ಇದೆಯಾ ನೋಡಿ. ಕಂಪ್ಯೂಟರ್‌ಗಳ ಮಾಸ್ಕ್ 255.255.255.0, ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ದಾರಿ) 192.168.1.1. ಹೊಸ ಪ್ರಿಂಟರ್ 192.168.1.200. ಎಲ್ಲ ಒಂದೇ ಸ್ವಿಚ್‌ಗೆ ಹಾಕಿದ್ದೇವೆ. 192.168.1.150 ಇಂದ ಪ್ರಿಂಟ್ ಆಗುತ್ತದೆ. 192.168.1.10 ಇಂದ ಪಿಂಗ್ (ಎದುರಿನ ಯಂತ್ರ ಸಿಗುತ್ತದಾ ಅಂತ ನೋಡುವ ಪರೀಕ್ಷೆ) ಕೂಡ ಬರುವುದಿಲ್ಲ. ಕೇಬಲ್ ಬದಲಾಯಿಸಿ ಆಯ್ತು. ಪ್ರಿಂಟರ್ ಮಾಸ್ಕ್ 255.255.255.128 ಅಂತಿದೆ.

ಉತ್ತರ:
ಕೊನೆಯ ವಾಕ್ಯದಲ್ಲೇ ನಿಮ್ಮ ಉತ್ತರ ಇದೆ. ಈ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯ್ತು, ನೆಟ್‌ವರ್ಕ್ ಅಡ್ರೆಸ್ ಏಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದು ಕಷ್ಟ.

ಒಂದು ಯಂತ್ರ ಪ್ಯಾಕೆಟ್ (ಮಾಹಿತಿಯ ತುಣುಕು) ಕಳಿಸುವ ಮೊದಲು ಒಂದು ನಿರ್ಧಾರ ಮಾಡಬೇಕು: ಎದುರಿನವರು ನನ್ನ ನೆಟ್‌ವರ್ಕ್‌ನಲ್ಲೇ ಇದ್ದಾರಾ, ಹೊರಗಾ? ಅದಕ್ಕೆ ತನ್ನ ಐಪಿಯನ್ನೂ ಎದುರಿನ ಐಪಿಯನ್ನೂ ತನ್ನದೇ ಮಾಸ್ಕ್ ಜೊತೆ ಆಂಡ್ ಮಾಡಿ ನೋಡುತ್ತದೆ. ಎರಡೂ ಒಂದೇ ಬಂದರೆ ಎಆರ್‌ಪಿ ಅನ್ನುವ ವಿಧಾನದ ಮೂಲಕ ಮ್ಯಾಕ್ ಅಡ್ರೆಸ್ (ಯಂತ್ರದ ನೆಟ್‌ವರ್ಕ್ ಕಾರ್ಡ್‌ನ ಗುರುತು) ಕೇಳಿ ನೇರವಾಗಿ ಕಳಿಸುತ್ತದೆ. ಬೇರೆ ಬಂದರೆ ಗೇಟ್‌ವೇಗೆ ಕೊಡುತ್ತದೆ. ಇಲ್ಲಿ ಗಮನಿಸಬೇಕಾದ್ದು, ಐಪಿ ಪ್ಯಾಕೆಟ್‌ನಲ್ಲಿ ಕಳಿಸುವವರ ಮತ್ತು ಪಡೆಯುವವರ ಅಡ್ರೆಸ್ ಇರುತ್ತದೆ, ಮಾಸ್ಕ್ ಇರುವುದಿಲ್ಲ. ಎದುರಿನವರ ಮಾಸ್ಕ್ ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಈಗ ನಿಮ್ಮ ಜಾಗಕ್ಕೆ ಬನ್ನಿ. 10ನೇ ಕಂಪ್ಯೂಟರ್ ತನ್ನ /24 ಮಾಸ್ಕ್‌ನಿಂದ ನೋಡುತ್ತದೆ: ತಾನೂ 192.168.1.0, ಪ್ರಿಂಟರ್ ಕೂಡ 192.168.1.0. ಪಕ್ಕದಲ್ಲೇ ಇದೆ ಅಂತ ನೇರವಾಗಿ ಕಳಿಸುತ್ತದೆ. ಪ್ರಿಂಟರ್ ಉತ್ತರ ಕೊಡಬೇಕಾದಾಗ ತನ್ನ /25 ಮಾಸ್ಕ್‌ನಿಂದ ಲೆಕ್ಕ ಹಾಕುತ್ತದೆ. ಬ್ಲಾಕ್ 128. ತನ್ನ 200ಕ್ಕೆ 128 ಬರುತ್ತದೆ, 10ಕ್ಕೆ 0 ಬರುತ್ತದೆ. ಅದರ ದೃಷ್ಟಿಯಲ್ಲಿ ನಿಮ್ಮ ಕಂಪ್ಯೂಟರ್ ಬೇರೆ ನೆಟ್‌ವರ್ಕ್. ಹಾಗಾಗಿ ಗೇಟ್‌ವೇ ಹುಡುಕುತ್ತದೆ. ಆದರೆ ಗೇಟ್‌ವೇ 192.168.1.1 ಕೂಡ ಆ ಬೇರೆ ನೆಟ್‌ವರ್ಕ್‌ನಲ್ಲೇ ಬಿತ್ತಲ್ಲ! ಉತ್ತರ ಹೊರಡಲು ದಾರಿಯೇ ಇಲ್ಲ. 150ನೇ ಕಂಪ್ಯೂಟರ್‌ಗೆ ಮಾತ್ರ 128ರ ಬ್ಲಾಕ್ ಹೊಂದಿಕೊಳ್ಳುತ್ತದೆ, ಅದಕ್ಕೇ ಅಲ್ಲಿಂದ ಪ್ರಿಂಟ್ ಆಗುತ್ತಿದೆ.

ಪ್ರಿಂಟರ್ ಮಾಸ್ಕ್ 255.255.255.0 ಮಾಡಿ. ಕೇಬಲ್, ಸ್ವಿಚ್ ಮುಟ್ಟಬೇಕಿಲ್ಲ. ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ ಅನ್ನುವ ದೂರು ಬಂದಾಗ ಎರಡೂ ಕಡೆಯ ಮಾಸ್ಕ್ ಬರೆದುಕೊಂಡು ಎರಡೂ ಕಡೆಯಿಂದ ಲೆಕ್ಕ ಹಾಕಿ. ಒಂದೇ ಕಡೆಯಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಅದೇ ಸದಸ್ಯರು:
ಮಾಸ್ಕ್ ಬದಲಾಯಿಸಿದೆ, 10ರಿಂದಲೂ ಪ್ರಿಂಟ್ ಆಯ್ತು ಮೇಡಂ. ತುಂಬಾ ಧನ್ಯವಾದ.

ಪ್ರಶ್ನೆ (ಮತ್ತೊಬ್ಬ ಸದಸ್ಯರು):
ಒಂದು ಲ್ಯಾಪ್‌ಟಾಪ್‌ಗೆ 10.0.1.0 ಅಂತ ಐಪಿ ಬಂದಿದೆ, ಮಾಸ್ಕ್ 255.255.254.0. ಸೊನ್ನೆಯಲ್ಲಿ ಮುಗಿಯುವುದು ನೆಟ್‌ವರ್ಕ್ ಅಡ್ರೆಸ್ ಅಲ್ವಾ? ಹೋಸ್ಟ್‌ಗೆ ಹೇಗೆ ಕೊಟ್ಟರು?

ಉತ್ತರ:
ಲೆಕ್ಕ ಹಾಕಿ ನೋಡಿ. ಮೂರನೇ ಆಕ್ಟೆಟ್, ಬ್ಲಾಕ್ 2. 1ಕ್ಕೆ ಕೆಳಗಿನ ಗುಣಕ 0. ನೆಟ್‌ವರ್ಕ್ 10.0.0.0, ಬ್ರಾಡ್‌ಕಾಸ್ಟ್ 10.0.1.255. ನಡುವೆ ಬರುವ 10.0.0.255 ಮತ್ತು 10.0.1.0 ಎರಡೂ ಸರಿಯಾದ ಹೋಸ್ಟ್ ಅಡ್ರೆಸ್‌ಗಳೇ. ಹೀಗಿದ್ದರೂ ನಾನು ಡಿಎಚ್‌ಸಿಪಿ ಪೂಲ್ (ಯಂತ್ರಗಳಿಗೆ ತಾನಾಗಿ ಹಂಚುವ ಅಡ್ರೆಸ್‌ಗಳ ಗುಂಪು) ಮಾಡುವಾಗ ಇಂಥ ಎರಡನ್ನು ಬಿಟ್ಟುಬಿಡುತ್ತೇನೆ. ಕೊನೆಯಲ್ಲಿ 0 ಅಥವಾ 255 ಕಂಡರೆ ತಡೆಯುವ ಹಳೆಯ ನಿಯಮ ಎಲ್ಲೋ ಒಂದು ಫೈರ್‌ವಾಲ್‌ನಲ್ಲಿ (ಬೇಡದ ಪ್ಯಾಕೆಟ್ ತಡೆಯುವ ಕಾವಲಿನಲ್ಲಿ) ಉಳಿದಿರಬಹುದು. ಎರಡು ಅಡ್ರೆಸ್ ಉಳಿಸಲು ಹೋಗಿ ಆ ತಲೆನೋವು ಬೇಡ.

ಅದೇ ಸದಸ್ಯರು:
10ರಿಂದ ಶುರುವಾದರೆ ಕ್ಲಾಸ್ ಎ, ಮಾಸ್ಕ್ 255.0.0.0 ಅಂತ ಓದಿದ್ದೆ. ಹಾಗಾದರೆ ಅದು?

ಉತ್ತರ:
ಅದು ಹಳೆಯ ಪದ್ಧತಿ. ಮೊದಲು ಐಪಿಯ ಮೊದಲ ಭಾಗ ನೋಡಿಯೇ ನೆಟ್‌ವರ್ಕ್ ಎಷ್ಟು ದೊಡ್ಡದು ಅಂತ ತೀರ್ಮಾನ ಆಗುತ್ತಿತ್ತು. 1993ರಲ್ಲಿ ಸಿಐಡಿಆರ್ (ಕ್ಲಾಸ್ ಬಿಟ್ಟು ಮಾಸ್ಕ್‌ನಿಂದಲೇ ನೆಟ್‌ವರ್ಕ್ ಗಾತ್ರ ಹೇಳುವ ಪದ್ಧತಿ) ಬಂದ ಮೇಲೆ ಆ ಕಟ್ಟು ಹೋಯ್ತು, ಸ್ಲ್ಯಾಶ್ ಹಾಕಿ ಬರೆಯುವುದು ಅದರ ಜೊತೆಗೇ ಬಂದಿದ್ದು. ಈಗ ಐಪಿ ಒಂದನ್ನೇ ಕೊಟ್ಟು ನೆಟ್‌ವರ್ಕ್ ಅಡ್ರೆಸ್ ಕೇಳಿದರೆ ಉತ್ತರ ಕೊಡಲು ಬರುವುದಿಲ್ಲ. ಮಾಸ್ಕ್ ಎಷ್ಟು ಅಂತ ತಿರುಗಿ ಕೇಳಿ.

ಪ್ರಶ್ನೆ (ಮೊದಲಿನ ವಿದ್ಯಾರ್ಥಿ):
/31 ಕೊಟ್ಟರೆ? ಎರಡೇ ಅಡ್ರೆಸ್, ಒಂದು ನೆಟ್‌ವರ್ಕ್, ಒಂದು ಬ್ರಾಡ್‌ಕಾಸ್ಟ್. ಹೋಸ್ಟ್‌ಗೆ ಏನೂ ಉಳಿಯುವುದಿಲ್ಲವಲ್ಲ.

ಉತ್ತರ:
ಎರಡು ರೌಟರ್‌ಗಳ ನಡುವಿನ ನೇರ ಲಿಂಕ್‌ಗೆ /31 ಬಳಸುತ್ತಾರೆ. ಅಲ್ಲಿ ಎರಡೂ ಅಡ್ರೆಸ್ ಎರಡು ತುದಿಗೆ. 2000ನೇ ಇಸವಿಯ ಆರ್‌ಎಫ್‌ಸಿ 3021 (ಇಂಟರ್ನೆಟ್ ನಿಯಮಗಳ ಒಂದು ದಾಖಲೆ) ಇದಕ್ಕೆ ಅವಕಾಶ ಕೊಟ್ಟಿತು. ಲಿಂಕ್‌ಗೆ /30 ಕೊಟ್ಟರೆ ನಾಲ್ಕು ಅಡ್ರೆಸ್ ಹೋಗುತ್ತದೆ, ಇಲ್ಲಿ ಎರಡರಲ್ಲಿ ಮುಗಿಯುತ್ತದೆ. /32 ಅಂದರೆ ಒಂದೇ ಅಡ್ರೆಸ್, ಅದರ ನೆಟ್‌ವರ್ಕ್ ಅಡ್ರೆಸ್ ಅದೇ.

ಪ್ರಶ್ನೆ (ಪ್ರೋಗ್ರಾಮಿಂಗ್ ಮಾಡುವ ಸದಸ್ಯರು):
ಇದಕ್ಕೆಲ್ಲ ಕ್ಯಾಲ್ಕುಲೇಟರ್ ಇದೆಯಲ್ಲ ಮೇಡಂ, ತಲೆಯಲ್ಲಿ ಏಕೆ ಮಾಡಬೇಕು?

ಉತ್ತರ:
ಖಂಡಿತ ಬಳಸಿ. ನೂರಾರು ಅಡ್ರೆಸ್ ಇದ್ದರೆ ನಾನೂ ಪೈಥಾನ್‌ನಲ್ಲೇ ಮಾಡುತ್ತೇನೆ, ಅದರ ಜೊತೆಗೇ ಬರುವ ಐಪಿಅಡ್ರೆಸ್ ಮಾಡ್ಯೂಲ್ ಸಾಕು. ಒಂದು ಎಚ್ಚರ: ನೆಟ್‌ವರ್ಕ್ ಕೇಳುವ ಜಾಗದಲ್ಲಿ 192.168.10.77/26 ಕೊಟ್ಟರೆ, ಹೋಸ್ಟ್ ಬಿಟ್‌ಗಳು ಸೊನ್ನೆ ಇಲ್ಲ ಅಂತ ಎರರ್ ಬರುತ್ತದೆ. ಸ್ಟ್ರಿಕ್ಟ್ ಅನ್ನುವ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಅದೇ ಆಂಡ್ ಮಾಡಿ 192.168.10.64/26 ಕೊಡುತ್ತದೆ. ಆದರೆ ರೌಟಿಂಗ್ ಟೇಬಲ್ (ಯಾವ ನೆಟ್‌ವರ್ಕ್‌ಗೆ ಯಾವ ದಾರಿ ಅನ್ನುವ ಪಟ್ಟಿ) ಓದುವಾಗ, ಫೈರ್‌ವಾಲ್ ನಿಯಮ ನೋಡುವಾಗ ಒಂದೊಂದು ಸಾಲಿಗೂ ಕ್ಯಾಲ್ಕುಲೇಟರ್ ತೆಗೆಯಲು ಆಗುವುದಿಲ್ಲ. ಕಣ್ಣಿಗೆ ಬಿದ್ದ ಕೂಡಲೇ ಈ ಐಪಿ ಆ ಸಾಲಿಗೆ ಸೇರುತ್ತದೆ, ಸೇರುವುದಿಲ್ಲ ಅಂತ ಗೊತ್ತಾಗಬೇಕು.

ಮೊದಲಿನ ವಿದ್ಯಾರ್ಥಿ:
ನಾನೇ ಒಂದು ಮಾಡಿದ್ದೇನೆ, ನೋಡಿ ಮೇಡಂ. 172.20.147.33/18. ಮಾಸ್ಕ್ 255.255.192.0, ಬ್ಲಾಕ್ 64. 147ಕ್ಕೆ ಕೆಳಗಿನ ಗುಣಕ 128. ನೆಟ್‌ವರ್ಕ್ 172.20.128.0, ಬ್ರಾಡ್‌ಕಾಸ್ಟ್ 172.20.191.255.

ಉತ್ತರ:
ಎರಡೂ ಸರಿ. ಈಗ ಇದೇ ನೆಟ್‌ವರ್ಕ್‌ನಲ್ಲಿ 172.20.192.5 ಇದೆಯಾ ಹೇಳಿ.

ಮೊದಲಿನ ವಿದ್ಯಾರ್ಥಿ:
ಇಲ್ಲ. 192 ಮುಂದಿನ ಬ್ಲಾಕ್. ಅದಕ್ಕೆ ಗೇಟ್‌ವೇ ಮೂಲಕವೇ ಹೋಗಬೇಕು.