‘ಪ್ಯಾರಾಮೀಟರ್ ಆಬ್ಜೆಕ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಉಡುಪಿಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಜಾವಾ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರಿಗಾಗಿ ಕನ್ನಡದಲ್ಲೇ ಟಿಪ್ಪಣಿ ಬರೆಯುತ್ತಿದ್ದೇನೆ. ಮೆಥಡ್ (ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡುವ ಕೋಡ್), ಕ್ಲಾಸ್ (ಆಬ್ಜೆಕ್ಟಿನ ನಕ್ಷೆ), ಆಬ್ಜೆಕ್ಟ್ (ಮಾಹಿತಿಯನ್ನೂ ಅದರ ಕೆಲಸಗಳನ್ನೂ ಒಟ್ಟಿಗೆ ಹಿಡಿದಿಡುವಂಥದ್ದು) ಎಲ್ಲ ಹಾಗೇ ಇಟ್ಟಿದ್ದೇನೆ. ಮಕ್ಕಳ ಬಾಯಲ್ಲಿರುವುದೇ ಅವು. ತೊಡಕು ಬಂದಿರುವುದು ಪ್ಯಾರಾಮೀಟರ್ ಸುತ್ತ.

‘ನಿಯತಾಂಕ’ ಅನ್ನುವ ಪದ ಇದೆ. ಗಣಿತಕ್ಕೆ ಸರಿ. ಇಲ್ಲಿ ಮಾತ್ರ ಅದು ನಿಯತವೂ ಅಲ್ಲ, ಯಾವಾಗಲೂ ಅಂಕವೂ ಅಲ್ಲ. ಮೆಥಡ್ ಕರೆದಾಗಲೆಲ್ಲ ಬೆಲೆ (ವ್ಯಾಲ್ಯೂ) ಬದಲಾಗಬಹುದು, ಊರಿನ ಹೆಸರೂ ಬರಬಹುದು. ಮೆಥಡ್ ಬರೆಯುವಾಗ ಇಡುವ ಹೆಸರು ಪ್ಯಾರಾಮೀಟರ್, ಕರೆಯುವಾಗ ಅಲ್ಲಿಗೆ ಕಳಿಸುವ ಬೆಲೆ ಆರ್ಗ್ಯುಮೆಂಟ್. ಆರ್ಗ್ಯುಮೆಂಟನ್ನು ‘ವಾದ’ ಅಂದರೆ, ತಾಳಮದ್ದಲೆ ಕೇಳಿ ಬೆಳೆದ ಮಕ್ಕಳ ಮುಂದೆ ಪಾಠ ಮುಂದೆ ಹೋಗುವುದಿಲ್ಲ! ಇವೆರಡನ್ನೂ ಇಂಗ್ಲಿಷಲ್ಲೇ ಬಿಡುವುದು ವಾಸಿ.

ನಿಜಕ್ಕೂ ಪದ ಬೇಕಿರುವುದು ಮುಂದಿನ ಹಂತಕ್ಕೆ, ಅಂದರೆ ಹಲವು ಬೆಲೆಗಳನ್ನು ಒಟ್ಟಿಗೆ ಹಿಡಿದಿಡುವ ಪ್ಯಾರಾಮೀಟರ್ ಆಬ್ಜೆಕ್ಟ್‌ಗೆ. ಬಸ್ ಟಿಕೆಟಿನ ಉದಾಹರಣೆ ಕೊಟ್ಟಿದ್ದೇನೆ (ಸ್ಟೇಟ್ ಬ್ಯಾಂಕ್ ಅಂದರೆ ಮಂಗಳೂರಿನ ಬಸ್ ನಿಲ್ದಾಣ):

ಟಿಕೆಟ್("ಉಡುಪಿ", "ಸ್ಟೇಟ್ ಬ್ಯಾಂಕ್", 2, ಟ್ರೂ, ಫಾಲ್ಸ್)

ಆ 2 ಎಷ್ಟು ಜನವೋ, ಎಷ್ಟನೇ ಸೀಟೋ? ಟ್ರೂ ಯಾವುದಕ್ಕೆ? ಮೆಥಡ್ ತೆರೆದು ನೋಡದೆ ಗೊತ್ತಾಗದು. ಹತ್ತುವ ಜಾಗ, ಇಳಿಯುವ ಜಾಗ ಎರಡೂ ಸ್ಟ್ರಿಂಗ್ (ಅಕ್ಷರಗಳ ಸಾಲು). ಅದಲುಬದಲಾದರೂ ಕೋಡನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ತಕರಾರು ಮಾಡುವುದಿಲ್ಲ, ಟಿಕೆಟ್ ಮಾತ್ರ ಉಲ್ಟಾ ಆಗಿರುತ್ತದೆ.

ಕನ್ನಡದಲ್ಲಿ ಈ ಗೋಜೇ ಇಲ್ಲ, ಅಲ್ವಾ? ‘ಉಡುಪಿಯಿಂದ ಮಂಗಳೂರಿಗೆ’ ಅನ್ನಿ, ‘ಮಂಗಳೂರಿಗೆ ಉಡುಪಿಯಿಂದ’ ಅನ್ನಿ, ಬಸ್ಸು ಹೋಗುವುದು ಒಂದೇ ಕಡೆ. ‘ಇಂದ’, ‘ಗೆ’ ಅಂಟಿಕೊಂಡಿರುವುದರಿಂದ ಪದ ಎಲ್ಲಿ ಕೂತರೂ ಅದರ ಕೆಲಸ ತಿಳಿಯುತ್ತದೆ. ಪೈಥಾನ್, ಕೋಟ್ಲಿನ್ ಭಾಷೆಗಳಲ್ಲಿ ಆರ್ಗ್ಯುಮೆಂಟಿಗೆ ಹೆಸರು ಹಚ್ಚಿ ಕಳಿಸಬಹುದು. ಅದು ಹೆಚ್ಚುಕಮ್ಮಿ ವಿಭಕ್ತಿಯೇ. ಜಾವಾದಲ್ಲಿ ಆ ಅನುಕೂಲ ಇಲ್ಲ. ಆಬ್ಜೆಕ್ಟನ್ನು ಹಂತಹಂತವಾಗಿ ಕಟ್ಟುವ ಬಿಲ್ಡರ್ ಪ್ಯಾಟರ್ನ್ (ಕೋಡ್ ಬರೆಯುವ ಒಂದು ಸಿದ್ಧ ಮಾದರಿ) ಆ ಕೊರತೆ ತುಂಬುತ್ತದೆ:

ಪ್ರಯಾಣ.ಇಂದ("ಉಡುಪಿ").ಗೆ("ಸ್ಟೇಟ್ ಬ್ಯಾಂಕ್").ಜನ(2).ಬಿಲ್ಡ್()

ಕ್ರಮ ಹೇಗಿದ್ದರೂ ಆಯ್ತು, ಬೇಡದ್ದನ್ನು ಬಿಟ್ಟರೂ ಆಯ್ತು. ಜಾವಾ ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ, ಹಾಗಾಗಿ ಇದು ಬರೀ ತಮಾಷೆ ಅಲ್ಲ. ಬಿಲ್ಡರ್ 1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಿಂದ ಪ್ರಸಿದ್ಧವಾದ 23 ಪ್ಯಾಟರ್ನ್‌ಗಳಲ್ಲಿ ಒಂದು. ಮಂಗಳೂರಲ್ಲಿ ಬಿಲ್ಡರ್ ಅಂದರೆ ಫ್ಲಾಟ್ ಕಟ್ಟುವವರು, ಇರಲಿ ಬಿಡಿ.

ಹೀಗೆ ಕಟ್ಟಿದ ‘ಪ್ರಯಾಣ’ವನ್ನು ಟಿಕೆಟ್ ಮೆಥಡ್‌ಗೆ ಒಂದೇ ಆರ್ಗ್ಯುಮೆಂಟಾಗಿ ಕೊಡುತ್ತೇವೆ. ಅದೇ ಪ್ಯಾರಾಮೀಟರ್ ಆಬ್ಜೆಕ್ಟ್. ಇದಕ್ಕೆ ‘ಕಟ್ಟು’ ಅನ್ನೋಣ ಅಂದರೆ ಬಿಲ್ಡ್‌ಗೂ ಕಟ್ಟು ಅಂತಲೇ ಬರುತ್ತದೆ. ‘ಗಂಟು’ ಕೇಳಿದರೆ ಬಿಚ್ಚಲಾಗದ್ದು ಅನ್ನಿಸುತ್ತದೆ. ಸಹೋದ್ಯೋಗಿಯೊಬ್ಬರು ‘ಚೀಟಿ’ ಅಂದರು, ದಿನಸಿ ಅಂಗಡಿಗೆ ಬರೆದು ಕೊಡುವ ಚೀಟಿಯ ಹಾಗೆ. ಕಿವಿಗೆ ಹಿತವಾಗಿದೆ. ಆದರೆ ಚೀಟಿ ತಾನಾಗಿ ಏನೂ ಮಾಡುವುದಿಲ್ಲ. ಈ ಆಬ್ಜೆಕ್ಟ್ ಸುಮ್ನೆ ಕೂರುವಂಥದ್ದಲ್ಲ: ಹತ್ತುವ ಜಾಗ, ಇಳಿಯುವ ಜಾಗ ಒಂದೇ ಇದ್ದರೆ ಆಗಲ್ಲ ಅನ್ನಬಹುದು, ದೂರದ ಲೆಕ್ಕ ತಾನೇ ಹಾಕಬಹುದು. ಅಲ್ಲೇ ಅದರ ಹೆಚ್ಚಿನ ಲಾಭ ಇರುವುದು.

ಇದಕ್ಕೆ ಒಪ್ಪುವ ಪದ ಯಾವುದು? ತುಳು, ಕುಂದಾಪುರ ಕನ್ನಡದ್ದಾದರೂ ಅಡ್ಡಿಯಿಲ್ಲ. ಜತೆಗೆ, ಹೆಸರು ಹಚ್ಚಿದ ಆರ್ಗ್ಯುಮೆಂಟಿಗೆ ‘ವಿಭಕ್ತಿ ಆರ್ಗ್ಯುಮೆಂಟ್’ ಅಂದರೆ ವ್ಯಾಕರಣ ಬಲ್ಲವರಿಗೆ ಆಕ್ಷೇಪ ಇದೆಯಾ? ‘ಇಂದ’ ತೃತೀಯೆಯೋ ಪಂಚಮಿಯೋ ಅನ್ನುವ ಜಗಳ ಬೇರೆ ಇಟ್ಟುಕೊಳ್ಳೋಣ.