‘ನೈಸರ್ಗಿಕ ಪ್ರಯೋಗ’ದಲ್ಲಿ ನಿಸರ್ಗ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಪದವಿ ವಿದ್ಯಾರ್ಥಿಗಳಿಗಾಗಿ ಅರ್ಥಶಾಸ್ತ್ರದ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ನ್ಯಾಚುರಲ್ ಎಕ್ಸ್‌ಪೆರಿಮೆಂಟ್’ ಎಂಬಲ್ಲಿಗೆ ಬಂದು ಬರವಣಿಗೆ ನಿಂತಿದೆ. ಥಟ್ಟನೆ ಹೊಳೆಯುವುದು ‘ನೈಸರ್ಗಿಕ ಪ್ರಯೋಗ’. ಕರಡನ್ನು ಓದಿದ ವಿದ್ಯಾರ್ಥಿನಿಯೊಬ್ಬಳು ಇದು ಗೊಬ್ಬರಕ್ಕೆ ಸಂಬಂಧಿಸಿದ್ದೇ ಎಂದು ಕೇಳಿದಳು. ಅವಳದೇನೂ ತಪ್ಪಿಲ್ಲ. ನೈಸರ್ಗಿಕ ಎಂದರೆ ನಮಗೆ ಕೃಷಿ, ವಿಕೋಪ, ಅನಿಲ, ಇಷ್ಟೇ.

ಪದ ಸೂಚಿಸುವವರಿಗೆ ಅನುಕೂಲವಾಗಲೆಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1854ರಲ್ಲಿ ಲಂಡನ್ನಿಗೆ ಕಾಲರಾ ಬಡಿಯಿತು. ನಗರದ ದಕ್ಷಿಣ ಭಾಗದಲ್ಲಿ ಒಂದೇ ಬೀದಿಯ ಮನೆಗಳಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲೇ ಥೇಮ್ಸ್ ನದಿಯ ಮೇಲ್ಭಾಗಕ್ಕೆ, ನಗರದ ಕೊಳಚೆ ತಲುಪದಲ್ಲಿಗೆ, ಸರಿದಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಹೊಲಸು ನೀರನ್ನೇ ಎತ್ತುತ್ತಿತ್ತು. ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳಿಗೆ ಯಾವ ಕಂಪನಿಯ ನೀರು ಬರುತ್ತಿತ್ತೆಂದು ವಿಚಾರಿಸಿ ಲೆಕ್ಕ ಹಾಕಿದ. ಮೊದಲ ಏಳು ವಾರಗಳಲ್ಲಿ ಹತ್ತು ಸಾವಿರ ಮನೆಗಳಿಗೆ ಒಂದು ಕಡೆ 315 ಸಾವು, ಇನ್ನೊಂದು ಕಡೆ 37. ಬಡವ, ಬಲ್ಲಿದ, ಗಂಡಸು, ಹೆಂಗಸು ಎಲ್ಲರೂ ಎರಡೂ ಗುಂಪುಗಳಲ್ಲಿದ್ದರು. ತಾವು ಯಾವ ಗುಂಪಿನವರೆಂಬುದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ತಿರುಳು ಇದೇ: ವಿಂಗಡಣೆ ಆಗಿಹೋಗಿದೆ, ಅದನ್ನು ಅನುಭವಿಸಿದವರು ಆರಿಸಿಕೊಂಡದ್ದಲ್ಲ, ಲೆಕ್ಕ ಹಾಕಿದವನು ಮಾಡಿದ್ದೂ ಅಲ್ಲ. ನಿಸರ್ಗಕ್ಕಂತೂ ಇದರಲ್ಲಿ ಏನೂ ಕೆಲಸವಿಲ್ಲ.

ಮಾರುಕಟ್ಟೆಯ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಉತ್ತರ ಕೇರಳದ ಬೂತಾಯಿ ಮೀನಿನ ವ್ಯಾಪಾರದ ಕುರಿತು ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮೊಬೈಲ್ ಫೋನ್ 1997ರಲ್ಲಿ ಕೋಯಿಕ್ಕೋಡಿಗೆ ಬಂತು, ಆಮೇಲೆ ಕಣ್ಣೂರಿಗೆ, 2000ದಲ್ಲಿ ಕಾಸರಗೋಡಿಗೆ. ಫೋನ್ ಬರುವ ಮುಂಚಿನ ಒಂದು ದಿನ, 1997ರ ಜನವರಿ 14ರಂದು, ವಡಗರದಲ್ಲಿ ಹನ್ನೊಂದು ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನು ಚೆಲ್ಲಿದರು. ಹದಿನೈದು ಕಿಲೋಮೀಟರ್ ಒಳಗೇ ಇಪ್ಪತ್ತೇಳು ಮಂದಿ ವ್ಯಾಪಾರಿಗಳು ಮೀನು ಸಿಗದೆ ಬರಿಗೈಯಲ್ಲಿ ಹೊರಡುವುದರಲ್ಲಿದ್ದರು. ಫೋನ್ ಬಂದ ಮೇಲೆ ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ದರ ಶೇ. 4ರಷ್ಟು ಇಳಿಯಿತು. ಮೂರು ಕಡೆಗೂ ಒಂದೇ ದಿನ ಫೋನ್ ಬಂದಿದ್ದರೆ ಇದು ಫೋನಿನ ಫಲವೋ ಆ ವರ್ಷದ ಕಡಲಿನ ಫಲವೋ ಹೇಳಲಾಗುತ್ತಿರಲಿಲ್ಲ.

ಎರಡನೆಯ ತೊಡಕು ‘ಪ್ರಯೋಗ’ದ್ದು. ಕನ್ನಡದಲ್ಲಿ ಪ್ರಯೋಗವೆಂದರೆ ಅದನ್ನು ಮಾಡುವವನೊಬ್ಬ ಬೇಕು, ಅದು ಪ್ರಯೋಗಾಲಯವೇ ಇರಲಿ, ಮಾಟವೇ ಇರಲಿ. ಇಲ್ಲಿ ಕರ್ತೃವೇ ನಾಪತ್ತೆ. ವ್ಯಾಕರಣ ಕಲಿಸುವ ಹಿರಿಯರೊಬ್ಬರು “ಹಾಗಾದರೆ ಕರ್ಮಣಿ ಪ್ರಯೋಗ ಎಂದೇ ಬರೆಯಿರಿ ಮಾರಾಯರೇ” ಎಂದು ನಕ್ಕರು. ‘ಸಹಜ ಪ್ರಯೋಗ’ ಕೇಳಲು ಚೆನ್ನ, ಆದರೆ ಅಲ್ಲಿನ ಸಹಜ ಎಂದರೆ ಮಾಮೂಲಿ ಎಂದೂ ಆದೀತು. ‘ಅಯಾಚಿತ ಪ್ರಯೋಗ’ ಅರ್ಥಕ್ಕೆ ಹತ್ತಿರ, ಮಕ್ಕಳಿಗೆ ದೂರ. ಸದ್ಯಕ್ಕೆ ನನ್ನ ಮನಸ್ಸು ‘ಒದಗಿಬಂದ ಪ್ರಯೋಗ’ದ ಕಡೆಗಿದೆ.

ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಕಂಟ್ರೋಲ್ ಗ್ರೂಪ್’, ಅಂದರೆ ಬದಲಾವಣೆ ತಟ್ಟದೆ ಉಳಿದ, ಹೋಲಿಸಿ ನೋಡಲು ಬಳಸುವ ಗುಂಪು. ಪಾಠದ ಅಭ್ಯಾಸಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧವನ್ನು ಆರಿಸಿಕೊಂಡಿದ್ದೇನೆ. ಈಚಿನ ವರ್ಷಗಳಲ್ಲಿ ನಮ್ಮ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಕೇರಳದಲ್ಲಿ ಟ್ರಾಲಿಂಗ್ ನಿಲ್ಲುವುದು ಜೂನ್ 9ರ ನಡುರಾತ್ರಿ, 52 ದಿನಕ್ಕೆ. ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆ ಈಚೆ ಅದೇ ಕಡಲು, ಅದೇ ಮಳೆ, ಆದರೆ ಒಂಬತ್ತು ದಿನ ಕಾನೂನು ಬೇರೆ. ನಿಷೇಧದಿಂದ ದರ ಎಷ್ಟು ಏರುತ್ತದೆಂದು ಅಳೆಯಲು ಇದು ಒಳ್ಳೆಯ ಅವಕಾಶ. (ಪೂರ್ತಿ ಒಳ್ಳೆಯದೇನೂ ಅಲ್ಲ. ಐಸ್ ತುಂಬಿದ ಲಾರಿಗೆ ಗಡಿಯ ಹಂಗಿಲ್ಲ. ಆಚೆಯ ಮೀನು ಈಚೆಗೆ ಬಂದರೆ ಎರಡು ಕಡೆಯ ದರ ಹತ್ತಿರವಾಗಿ, ನಿಷೇಧದ ಪರಿಣಾಮ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.) ಇಲ್ಲಿ ‘ನಿಯಂತ್ರಿತ ಗುಂಪು’ ಎಂದು ಬರೆದರೆ ಓದುವವರು ನಿಷೇಧಕ್ಕೆ ಒಳಗಾದ ಮಲ್ಪೆಯನ್ನೇ ಎಣಿಸುತ್ತಾರೆ. ಶಾಸ್ತ್ರದ ಪ್ರಕಾರ ಅದು ಆ ಒಂಬತ್ತು ದಿನ ಕಟ್ಟಿಲ್ಲದ ಕಾಸರಗೋಡು! ಪದ ಅರ್ಥವನ್ನು ತಲೆಕೆಳಗು ಮಾಡುತ್ತದೆ. ‘ನಿಯಂತ್ರಣ ಗುಂಪು’ ಕೂಡ ಇದನ್ನು ನೇರ ಮಾಡುವುದಿಲ್ಲ. ‘ಹೋಲಿಕೆಯ ಗುಂಪು’ ಎನ್ನಬಹುದೇ? ಹಾಗೆಂದರೆ ನಿಷೇಧಕ್ಕೆ ಒಳಗಾದ ಗುಂಪಿಗೆ ಏನೆನ್ನಬೇಕು? ವೈದ್ಯಶಾಸ್ತ್ರದವರ ‘ಚಿಕಿತ್ಸೆಯ ಗುಂಪು’ ಮೀನಿಗೆ ಹೊಂದುವುದಿಲ್ಲ.

ವೈದ್ಯಕೀಯ ಅಥವಾ ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಿದವರು ಇಲ್ಲಿದ್ದರೆ, ತರಗತಿಯಲ್ಲಿ ಯಾವ ಪದ ಬಳಸಿದಿರಿ, ಮಕ್ಕಳು ಅದನ್ನು ಹೇಗೆ ಅರ್ಥ ಮಾಡಿಕೊಂಡರು ಎಂಬುದನ್ನು ದಯವಿಟ್ಟು ತಿಳಿಸಿ.